ಆಂಬ್ರೋಸರಿಗೆ ಬೇಡ ಎನ್ನುವವರು ಬೇಕಾಗಿದ್ದಾರೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ. ಹಿರಿಯರು ಕ್ರೈಸ್ತರ ಇಗರ್ಜಿಯ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ. ಆಡಿದವನ ಮನೆ ಯಾವುದೆಂದು ಕೇಳಿಕೊಂಡು ಬಂದು ಜಗಲಿಯಲ್ಲಿ ಕೂರುತ್ತದೆ.

ಬೋಳಾರದ ಆಂಬ್ರೋಸ್ ತಾವ್ರೊ ಅವರಿಗೆ ಇದು ಅರ್ಥವಾದದ್ದು ಚೀನಾದ ಯುದ್ಧ ನಿಂತ ಮರುವರ್ಷ. ಆಗ ಊರಿಗೆ ಊರೇ ದೇಶಭಕ್ತಿಯಿಂದ ಕುದಿಯುತ್ತಿತ್ತು. ಹುಟ್ಟಿದಂದಿನಿಂದ ಬೆವರುವುದೊಂದನ್ನೇ ಬಲ್ಲ ಮಂಗಳೂರಿನ ಹೆಂಗಸರು ಹಿಮಾಲಯದ ಜವಾನರಿಗೆಂದು ಸ್ವೆಟರ್ ಹೆಣೆಯುತ್ತಿದ್ದರು. ಗಂಡಸರಿಗೆ ಹೆಣೆಯಲು ಬಾರದ್ದರಿಂದ ಅವರು ಭಾಷಣ ಮಾಡುತ್ತಿದ್ದರು. ಇಂಥ ಹೊತ್ತಿಗೆ ನಿವೃತ್ತ ಕ್ಯಾಪ್ಟನ್ ಆರ್ಥರ್ ಎಂಬವರು ಊರಿಗೆ ಬಂದರು. ಅವರ ಬಲಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ಅವು ಎಲ್ಲಿ ಹೋದವು ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮಳೆ ಹಿಡಿಯುವ ಮೊದಲಿನ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಕ್ಯಾಪ್ಟನ್ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ತಮ್ಮ ಯೋಜನೆಯನ್ನು ವಿವರಿಸಿದರು. ಶತ್ರು ಬಂದರೆ ಜನ ಕಾಡಿಗೆ ಓಡಬೇಕಾಗುತ್ತದೆ. ಓಡಿದವರು ಅಲ್ಲಿ ಬದುಕುವುದು ಹೇಗೆ? ಅದಕ್ಕೊಂದು ಕೋರ್ಸು. ಚಾರ್ಮಾಡಿ ಘಾಟಿಯ ಬುಡದ ಕಾಡಿನಲ್ಲಿ ಹದಿನೈದು ದಿನ. ಸೇರಿದವನ ಕೈಗೆ ಒಂದು ಚಾಕು, ಒಂದು ಹಗ್ಗ, ಒಂದು ಬೆಂಕಿಪೆಟ್ಟಿಗೆ ಕೊಡಲಾಗುವುದು. ಉಳಿದದ್ದನ್ನು ಕಾಡೇ ಕೊಡುವುದು. ಹಾವನ್ನು ಬಿದಿರಿನ ಅಂಡೆಯಲ್ಲಿ ಬೇಯಿಸಿದರೆ ಥೇಟ್ ಕಾಣೆ ಮೀನಿನ ರುಚಿ ಎಂದು ಕ್ಯಾಪ್ಟನ್ ಹೇಳಿದಾಗ ಮುಂದೆ ನಿಂತಿದ್ದ ಕೆಲವರು ಹಿಂದೆ ಸರಿದರು.

"ಪ್ರತಿ ಇಗರ್ಜಿಯಿಂದ ಒಬ್ಬನಾದರೂ ಬೇಕು," ಎಂದರು ಕ್ಯಾಪ್ಟನ್.

ಇಗರ್ಜಿಯ ಗಂಡಸರಿಗೆಲ್ಲ ಆ ಕ್ಷಣದಲ್ಲಿ ಆಕಾಶದ ಮೋಡಗಳ ಬಗ್ಗೆ ಆಸಕ್ತಿ ಹುಟ್ಟಿತು. ಆಗ ರುಡೊಲ್ಫ್ ಬಾಯಿ ಬಿಟ್ಟ. ಈತ ಆಂಬ್ರೋಸರ ಹೆಂಡತಿಯ ತಮ್ಮ, ಬಂದರಿನ ಹಡಗು ಕಂಪೆನಿಯೊಂದರಲ್ಲಿ ಕೆಲಸ, ಹತ್ತು ಮಂದಿ ಸೇರಿದಲ್ಲೆಲ್ಲ ನಗಿಸುವುದು ತನ್ನ ಹೊಣೆಯೆಂದು ತಿಳಿದವನು.

"ನಮ್ಮ ಭಾವ ಹೋಗ್ತಾರೆ ಕ್ಯಾಪ್ಟನ್. ಹಲ್ಲಿ ಕಂಡರೆ ಕುರ್ಚಿ ಮೇಲೆ ಹತ್ತಿ ನಿಲ್ತಾರೆ. ಮರ ಹತ್ತಲಿಕ್ಕೆ ಅಭ್ಯಾಸ ಉಂಟು."

ಎಲ್ಲರೂ ನಕ್ಕರು. ಹೆಂಗಸರ ಸಾಲಿನಿಂದಲೂ ನಗು ಬಂತು. ಆಂಬ್ರೋಸರು ಹೆಂಚಿನ ಕಾರ್ಖಾನೆಯ ಗೋದಾಮಿನಲ್ಲಿ ಗುಮಾಸ್ತರು; ಒಡೆದ ಹೆಂಚು ಯಾವುದು, ಇಡಿಯದು ಯಾವುದು ಎಂದು ಹೇಳುತ್ತ ಕೂದಲು ಬೆಳ್ಳಗಾದವರು. ಬಜಪೆಯಿಂದ ಆಚೆಗೆ ಅವರು ಕಾಲಿಟ್ಟವರಲ್ಲ. ಬಜಪೆಗೂ ಹೋದದ್ದು ವಿಮಾನ ನೋಡುವುದಕ್ಕೆ, ಅದೂ ಬೇಲಿಯ ಹೊರಗಿನಿಂದ. ಆದರೆ ಗುಮಾಸ್ತನಿಗೂ ಮಾನವೆಂಬುದು ಇದೆ.

"ಯಾಕೆ ಹೋಗಬಾರದು?" ಎಂದರು ಆಂಬ್ರೋಸರು. "ನಾನು ಆಲೋಚನೆ ಮಾಡ್ತಾ ಇದ್ದೇನೆ."

ನಗು ನಿಂತಿತು. ಕ್ಯಾಪ್ಟನ್ ಮೆಟ್ಟಿಲಿಳಿದು ಬಂದು, ಇದ್ದ ಮೂರು ಬೆರಳುಗಳಿಂದ ಅವರ ಕೈಯನ್ನು ಹಿಸುಕಿದರು. ಆಲೋಚನೆ ಎಂಬ ಶಬ್ದ ಆ ಮೆಟ್ಟಿಲಲ್ಲೇ ಎಲ್ಲೋ ಬಿದ್ದುಹೋಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮಂಗಳಾದೇವಿ ದೇವಸ್ಥಾನದ ರಸ್ತೆಯಿಂದ ದೋಣಿಗಳು ನಿಲ್ಲುವ ನದಿಯ ದಕ್ಕೆಯವರೆಗೆ, ಆಂಬ್ರೋಸ್ ಪೊರ್ಬು ಹಾವು ತಿನ್ನಲು ಕಾಡಿಗೆ ಹೋಗುತ್ತಾರಂತೆ ಎಂಬ ಸುದ್ದಿ ಹರಡಿತ್ತು. ಕ್ರೈಸ್ತ ಗಂಡಸರನ್ನು ಊರವರು ಗೌರವದಿಂದ ಪೊರ್ಬು ಎನ್ನುತ್ತಾರೆ.

ಆ ದಿನದ ಹಂದಿ ಮಾಂಸವನ್ನು ಆಂಬ್ರೋಸರು ತಟ್ಟೆಯಲ್ಲೇ ಬಿಟ್ಟು ಎದ್ದರು. ಹೋದರೆ ಸಾವು, ಹೋಗದಿದ್ದರೆ ರುಡೊಲ್ಫ್. ಎರಡರಲ್ಲಿ ಯಾವುದು ಹೆಚ್ಚು ಕಾಲ ಬಾಧಿಸುತ್ತದೆ ಎಂದು ತೂಗಿ ನೋಡಿದರು. ಕೊನೆಗೆ ಅವರಿಗೆ ಒಂದು ದಾರಿ ಹೊಳೆಯಿತು. ಅವರ ಸಮಾಜದಲ್ಲಿ ಹಿರಿಯರ ಮಾತು ಮೀರುವ ಹಾಗಿಲ್ಲ. ಹೊರಟವನನ್ನು ಒಬ್ಬ ಹಿರಿಯರು, ಒಬ್ಬ ಯಜಮಾನರು, ಕೊನೆಗೆ ಮನೆಯ ಹೆಂಡತಿಯೇ ಆದರೂ "ಬೇಡ" ಎಂದು ತಡೆದರೆ, ಅವನು ನಿಟ್ಟುಸಿರು ಬಿಟ್ಟು, "ನನಗೇನೋ ಹೋಗುವ ಮನಸ್ಸಿತ್ತು" ಎಂದು ಹೇಳುತ್ತ ಮಾನವಾಗಿ ಮನೆಯಲ್ಲಿ ಕೂರಬಹುದು. ಬೇಕಾದದ್ದು ಒಂದೇ ಒಂದು ಬೇಡ. ಇಷ್ಟು ದೊಡ್ಡ ಊರಿನಲ್ಲಿ ಅದು ಸಿಗದೆ ಹೋದೀತೇ?

ಮೊದಲು ಹೆಂಡತಿ. ಗಂಡ ಕಾರ್ಖಾನೆಯಿಂದ ಬರುವುದು ಸ್ವಲ್ಪ ತಡವಾದರೂ ಜಪಮಣಿ ಹಿಡಿದು ಬಾಗಿಲಿಗೆ ಬರುವವರು ವಿನಿಫ್ರೆಡ್ ಬಾಯಿ.

"ವಿನ್ನೀ, ನಾನು ಕಾಡಿಗೆ ಹೋಗ್ತೇನೆ," ಎಂದು ಆಂಬ್ರೋಸರು ಸ್ವರ ನಡುಗಿಸಿ ಹೇಳಿದರು. ನಡುಗಿಸಲು ಶ್ರಮ ಬೇಕಾಗಲಿಲ್ಲ.

ವಿನಿಫ್ರೆಡ್ ಬಾಯಿ ಕೈಯಲ್ಲಿದ್ದ ಜಪಮಣಿಯನ್ನು ಕೆಳಗಿಟ್ಟರು. ಆಮೇಲೆ ಜವಾನರಿಗೆಂದು ಅರ್ಧ ಹೆಣೆದಿದ್ದ ಸ್ವೆಟರನ್ನು ತಂದು ಅವರ ಬೆನ್ನಿಗೆ ಹಿಡಿದರು. "ಭುಜ ಸಣ್ಣ ಮಾಡಬೇಕು," ಎಂದು ಹೇಳಿ ಒಳಗೆ ಹೋದರು.

ಆಂಬ್ರೋಸರ ಒಂದು ಬೇಡ ಹೀಗೆ ಕೈತಪ್ಪಿತು. ಆದರೂ ಹೆಂಡತಿಯೊಬ್ಬಳೇ ಜಗತ್ತಲ್ಲವಲ್ಲ. ಮರುದಿನ ಸಂಜೆ ಬಿಕರ್ನಕಟ್ಟೆಗೆ ಹೋದರು. ಅಲ್ಲಿ ಅವರ ಜ್ಞಾನಸ್ನಾನದ ತಾಯಿ ಮಾರ್ಸೆಲಿನ್ ಬಾಯಿ ಇದ್ದರು. ತುಂಬು ವಯಸ್ಸಿನ ಈ ಮಹಾತಾಯಿ ಬದುಕಿನಲ್ಲಿ ಎಲ್ಲವನ್ನೂ ಬೇಡ ಎಂದವರು. ಸಿನೆಮಾ ಬೇಡ, ಫ್ಯಾನಿನ ಅಡಿಯಲ್ಲಿ ಮಲಗುವುದು ಬೇಡ, ಹಲಸಿನ ಹಣ್ಣಿನ ಮೇಲೆ ನೀರು ಬೇಡ. ಆಂಬ್ರೋಸರು ಬಾಲ್ಯದಲ್ಲಿ ಕಡಲಿಗೆ ಇಳಿಯದೆ ಹೋದದ್ದು, ಯೌವನದಲ್ಲಿ ಸೈಕಲ್ ಕಲಿಯದೆ ಹೋದದ್ದು ಇವರ ಆಜ್ಞೆಯಿಂದಲೇ.

"ಮಾಯ್, ಕಾಡಿನಲ್ಲಿ ಹುಲಿ ಉಂಟಂತೆ," ಎಂದು ಆಂಬ್ರೋಸರು ಆರಂಭಿಸಿದರು. "ಹಾವು ಉಂಟು. ಜಿಗಣೆ ಉಂಟು. ನೀವು ಎಂತ ಹೇಳ್ತೀರಿ?"

ಮುದುಕಿ ಕಣ್ಣೊರೆಸಿಕೊಂಡರು. "ಮಗಾ, ನಿನ್ನನ್ನು ನಾನು ಹೆದರಿಸಿ ಹೆದರಿಸಿಯೇ ಹಾಳು ಮಾಡಿದೆ ಅಂತ ನನಗೆ ಯಾವಾಗಲೂ ಬೇಸರ ಉಂಟು. ಸಾಯುವ ಮೊದಲು ಈ ಮಾತು ಕೇಳಿದೆನಲ್ಲ. ಮೊಣಕಾಲೂರು."

ಆಂಬ್ರೋಸರು ಊರಿದರು. ಮುದುಕಿ ಎರಡೂ ಕೈಗಳನ್ನು ಅವರ ತಲೆಯ ಮೇಲಿಟ್ಟು ಬೆಸಾಂವ್ ಕೊಟ್ಟರು. ಇದು ಪ್ರಯಾಣ ಹೊರಟವರಿಗೆ ಹಿರಿಯರು ಕೊಡುವ ಆಶೀರ್ವಾದ. ಪಡೆದ ಮೇಲೆ ಹೋಗದೆ ಉಳಿಯುವುದೆಂದರೆ ಕೊಟ್ಟವರ ಕೈಯನ್ನೇ ತಳ್ಳಿದಂತೆ. ಸಲಹೆ ಕೇಳಲು ಬಂದ ಆಂಬ್ರೋಸರು ತಲೆ ತುಂಬ ಆಶೀರ್ವಾದ ಹೊತ್ತು ಎದ್ದರು.

"ಬಾಲಯೇಸುವಿಗೆ ಮೇಣದ ಬತ್ತಿ ಹಚ್ತೇನೆ," ಎಂದರು ಮುದುಕಿ. "ಬದುಕಿ ಬಂದರೆ ನಿನ್ನಷ್ಟೇ ಎತ್ತರದ್ದು. ಬಾರದಿದ್ದರೂ ಹಚ್ತೇನೆ, ನೀನು ಅದನ್ನು ಆಲೋಚನೆ ಮಾಡಬೇಡ."

ಇನ್ನು ಉಳಿದ ಆಸೆ ಕಾರ್ಖಾನೆಯ ಮ್ಯಾನೇಜರ್ ಗುಣಪಾಲ ಹೆಗ್ಡೆಯವರ ಮೇಲೆ. ರಜೆ ಎಂಬ ಶಬ್ದ ಕೇಳಿದರೆ ಕಿವಿ ಮುಚ್ಚಿಕೊಳ್ಳುವ ಮನುಷ್ಯ. ಸ್ವಂತ ಮದುವೆಯ ದಿನವೂ ಮಧ್ಯಾಹ್ನ ಬಂದು ಭಟ್ಟಿಯ ಬೆಂಕಿ ನೋಡಿ ಹೋದವರೆಂದು ಪ್ರತೀತಿ. ಆಂಬ್ರೋಸರು ಅವರ ಮುಂದೆ ನಿಂತು ಹದಿನೈದು ದಿನ ರಜೆ ಬೇಕೆಂದು ಕೇಳಿದರು. ಬದುಕಿನಲ್ಲಿ ಮೊದಲ ಬಾರಿಗೆ ಬೈಗುಳಕ್ಕಾಗಿ ಬಾಯಾರಿ ನಿಂತಿದ್ದರು.

"ಹದಿನೈದು ದಿನ ಸಾಕಾ?" ಎಂದರು ಹೆಗ್ಡೆಯವರು. "ಒಂದು ತಿಂಗಳು ಇರಿ ಮಾರಾಯ್ರೆ. ಸಂಬಳ ಕಟ್ ಮಾಡುದಿಲ್ಲ."

"ಗೋದಾಮು ಯಾರು ನೋಡೂದು ಸಾರ್?"

"ಗೋದಾಮಿಗೆ ಎಂತ ಆಗ್ತದೆ? ನೀವು ಇಲ್ಲದಿದ್ದರೂ ಹೆಂಚು ಹೆಂಚೇ." ಹೆಗ್ಡೆಯವರು ಕುರ್ಚಿಯಿಂದ ಎದ್ದು ಬಂದು ಭುಜ ತಟ್ಟಿದರು. "ಒಂದು ಕೆಲಸ ಮಾಡಿ. ಕಾಡಿನಲ್ಲಿ ಗುಡಿಸಲು ಕಟ್ತೀರಲ್ಲ, ಅದಕ್ಕೆ ನಮ್ಮ ಹೆಂಚು ಹೊದಿಸಿ. ಒಂದು ಗೋಣಿ ತುಂಬ ಕೊಡ್ತೇನೆ, ಹೊತ್ತುಕೊಂಡು ಹೋಗಿ. ಫೋಟೋ ತೆಗೆಸಿದರೆ ಕಂಪೆನಿಗೆ ಒಳ್ಳೆಯ ಹೆಸರು."

ಹೀಗೆ ಚಾಕು, ಹಗ್ಗ, ಬೆಂಕಿಪೆಟ್ಟಿಗೆಯ ಜೊತೆಗೆ ಒಂದು ಗೋಣಿ ಮಂಗಳೂರು ಹೆಂಚೂ ಸೇರಿತು. ಆಂಬ್ರೋಸರು ಅಲ್ಲಿಂದ ನೇರವಾಗಿ ಡಾಕ್ಟರ್ ಝೇವಿಯರರ ಮದ್ದಿನ ಶಾಪಿಗೆ ಹೋದರು. ಎದೆ ದುರ್ಬಲವೆಂದು ಹೇಳಿಸಿಕೊಳ್ಳಬೇಕೆಂದು ಗುಡ್ಡೆಯ ಏರನ್ನು ಓಡಿಕೊಂಡೇ ಹತ್ತಿದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಕೊಳವೆ ತೆಗೆದು, ಮತ್ತೆ ಇಟ್ಟು ಕೇಳಿದರು.

"ಇಷ್ಟು ಓಡಿಯೂ ಇಷ್ಟು ಬೇಗ ಸರಿಯಾಯಿತಲ್ಲ," ಎಂದರು. "ಇದು ಗುಮಾಸ್ತನ ಎದೆ ಅಲ್ಲ ಆಂಬ್ರೋಸ್, ಕಂಬಳದ ಕೋಣದ ಎದೆ. ಇಷ್ಟು ವರ್ಷ ಸುಮ್ಮನೆ ಗೋದಾಮಿನಲ್ಲಿ ಹಾಳು ಮಾಡಿದ್ದೀಯಲ್ಲ."

ಆ ಸಂಜೆ ಆಂಬ್ರೋಸರು ನದಿಯ ದಕ್ಕೆಯಲ್ಲಿ ಒಬ್ಬರೇ ಕುಳಿತಿದ್ದರು. ಹೆದರಿಕೆ ಈಗ ಹುಲಿಯದ್ದಾಗಿ ಉಳಿದಿರಲಿಲ್ಲ. ಹುಲಿ ತಿಂದರೆ ಒಂದು ಸಲ ತಿಂದೀತು. ಆದರೆ ಐವತ್ತು ವರ್ಷ ಈ ಊರಿನಲ್ಲಿ ಉಸಿರಾಡಿದ ಮನುಷ್ಯನಿಗೆ "ಹೋಗಬೇಡ" ಎನ್ನಲು ಒಂದು ಪ್ರಾಣಿ ಇಲ್ಲವಲ್ಲ ಎಂಬ ದುಃಖ ಅವರನ್ನು ತಿನ್ನುತ್ತಿತ್ತು. ಹೆಂಡತಿ ಸ್ವೆಟರ್ ಹೆಣೆಯುತ್ತಾಳೆ, ತಾಯಿ ಬತ್ತಿ ಹಚ್ಚುತ್ತಾಳೆ, ಯಜಮಾನ ಹೆಂಚು ಹೊರಿಸುತ್ತಾನೆ. ಎಲ್ಲರೂ ಇಷ್ಟು ಸಂತೋಷದಿಂದ ಕಳಿಸುವುದಾದರೆ ಇಷ್ಟು ದಿನ ಇಟ್ಟುಕೊಂಡದ್ದಾದರೂ ಯಾಕೆ? ಅವರು ಅತ್ತರು. ದಕ್ಕೆಯ ಜನ, ಪೊರ್ಬುಗಳು ನದಿಗೆ ವಿದಾಯ ಹೇಳುತ್ತಿದ್ದಾರೆ ಎಂದು ತಿಳಿದು ಟೋಪಿ ತೆಗೆದು ನಿಂತರು.

ಇತ್ತ ರುಡೊಲ್ಫ್ ಸುಮ್ಮನಿರಲಿಲ್ಲ. ಭಾವನನ್ನು ಕಳಿಸಿಕೊಡುವ ಸಂಭ್ರಮವನ್ನೆಲ್ಲ ತಾನೇ ವಹಿಸಿಕೊಂಡ. ಮದುವೆಗೆ ಊದುವ ಮೊರಿಸನ ಬ್ಯಾಂಡನ್ನು ಗೊತ್ತು ಮಾಡಿದ. ದುಃಖದ ಹಾಡು ಒಂದು, ಸಂತೋಷದ್ದು ಒಂದು, ಎರಡೂ ಅಭ್ಯಾಸ ಮಾಡಿಕೊಂಡಿರಲು ಮೊರಿಸನಿಗೆ ಹೇಳಿದ. ಹಿಂದೆ ಬರುವಾಗ ಯಾವುದು ಬೇಕಾಗುತ್ತದೋ ಯಾರಿಗೆ ಗೊತ್ತು ಎಂದು ಮೊರಿಸನೂ ಒಪ್ಪಿದ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಇಗರ್ಜಿಯ ವಿಗಾರ್ ಫಾದರ್ ಡೆನಿಸ್ ಆಂಬ್ರೋಸರನ್ನು ಪಾಪನಿವೇದನೆಗೆ ಕರೆಸಿದರು. ಮರಣಕ್ಕೆ ಹತ್ತಿರ ಹೋಗುವವರು ಆತ್ಮವನ್ನು ತೊಳೆದುಕೊಂಡು ಹೋಗಬೇಕಲ್ಲ. ತೊಳೆಯುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎಲ್ಲ ಮುಗಿದ ಮೇಲೆ ಫಾದರ್ ಕೇಳಿದರು:

"ಶತ್ರು ಯಾರಾದರೂ ಉಂಟಾ? ಇದ್ದರೆ ಅವನ ಹತ್ತಿರ ಮಾಫಿ ಕೇಳಿ ಬರಬೇಕು. ಮಾಫಿ ಸಿಗದೆ ಇಂಥ ಪ್ರಯಾಣಕ್ಕೆ ಕಾಲು ಎತ್ತಬಾರದು."

ಶತ್ರು ಇದ್ದ. ಪಕ್ಕದ ಮನೆಯ ಚೆನ್ನಪ್ಪ, ಮೊದಲು ಬಸ್ಸಿನ ಡ್ರೈವರ್ ಆಗಿದ್ದವನು. ಅವನ ಹಿತ್ತಲಿನ ಜೀಗುಜ್ಜೆ ಮರದ ಒಂದು ಕೊಂಬೆ ಆಂಬ್ರೋಸರ ಮಾಡಿನ ಮೇಲೆ ಚಾಚಿತ್ತು. ಕಾಯಿ ಬಿದ್ದು ಹೆಂಚು ಒಡೆಯುತ್ತಿತ್ತು. ಬಿದ್ದ ಕಾಯಿ ಹೆಂಚಿನವನದೋ ಮರದವನದೋ ಎಂಬ ಪ್ರಶ್ನೆಯ ಮೇಲೆ ಇಬ್ಬರೂ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಗೋಡೆಯ ಎರಡು ಬದಿ ನಿಂತು ಬೈದಾಡುತ್ತಿದ್ದರು. ಇವರು ಕೊಂಕಣಿಯಲ್ಲಿ, ಅವನು ತುಳುವಿನಲ್ಲಿ. ಸಾಕ್ಷಿಗಳಿಗೆ ಅರ್ಥವಾಗಬೇಕಾದ ಭಾಗ ಮಾತ್ರ ಕನ್ನಡದಲ್ಲಿ.

ಆಂಬ್ರೋಸರು ಮೊದಲ ಬಾರಿಗೆ ಚೆನ್ನಪ್ಪನ ಅಂಗಳಕ್ಕೆ ಕಾಲಿಟ್ಟು ಕೈ ಮುಗಿದರು.

"ಚೆನ್ನಪ್ಪಣ್ಣ, ನಾಳೆ ಕಾಡಿಗೆ ಹೋಗ್ತೇನೆ. ಬದುಕಿದರೆ ಬಂದೆ. ನನ್ನದು ತಪ್ಪಾಗಿದ್ದರೆ ಕ್ಷಮಿಸಬೇಕು."

ಚೆನ್ನಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು ಬಂದು, ಅವರನ್ನು ಮೇಲಿಂದ ಕೆಳಗೆ ನೋಡಿದ.

"ಕ್ಷಮಿಸೂದಿಲ್ಲ."

"ಹಾಂ?"

"ಕ್ಷಮಿಸೂದಿಲ್ಲ ಪೊರ್ಬುಗಳೇ. ನೀವು ಹೋದರೆ ಬೆಳಿಗ್ಗೆ ಎದ್ದು ನಾನು ಯಾರಿಗೆ ಬೈಯೂದು? ಆ ರುಡೊಲ್ಫನಿಗಾ? ಅವನಿಗೆ ಬೈದರೆ ನಗ್ತಾನೆ. ನೀವು ಬೈದರೆ ಅದರಲ್ಲಿ ಒಂದು ಮರ್ಯಾದೆ ಉಂಟು. ಹೋಗೂದು ಬೇಡ."

ಬೇಡ. ಆಂಬ್ರೋಸರು ಶತ್ರುವಿನ ಜಗಲಿಯ ಮೇಲೆಯೇ ಕುಳಿತುಬಿಟ್ಟರು. ಇನ್ನೊಮ್ಮೆ ಹೇಳಬಹುದೇ ಎಂದು ಕೇಳಿದರು. ಚೆನ್ನಪ್ಪ ಇನ್ನೊಮ್ಮೆ ಹೇಳಿದ. ಅದಕ್ಕಿಂತ ಸಿಹಿಯಾದ ಮಾತನ್ನು ಅವರು ಮದುವೆಯ ದಿನವೂ ಕೇಳಿರಲಿಲ್ಲ.

ಮುಖವನ್ನು ಸಾಧ್ಯವಾದಷ್ಟು ಜೋಲು ಮಾಡಿಕೊಂಡು ಅವರು ಫಾದರ್ ಬಳಿಗೆ ಓಡಿದರು. "ಮಾಫಿ ಸಿಗಲಿಲ್ಲ ಫಾದರ್. ಎಂತ ಮಾಡೂದು, ನನ್ನ ಹಣೆಬರಹ."

ಫಾದರ್ ಡೆನಿಸರ ಕಣ್ಣು ಹೊಳೆಯಿತು. ಕಲ್ಲು ಹೃದಯ ಕರಗಿಸುವ ಅವಕಾಶ ಒಬ್ಬ ವಿಗಾರರಿಗೆ ದಿನಾ ಸಿಗುವುದಿಲ್ಲ. "ಹೆದರಬೇಡ," ಎಂದರು. "ನಾವೆಲ್ಲ ಹೋಗಿ ಕೇಳುವ."

ಸಂಜೆಯ ಹೊತ್ತಿಗೆ ಚೆನ್ನಪ್ಪನ ಅಂಗಳ ತುಂಬಿತು. ಫಾದರ್ ಬಂದರು, ಕ್ಯಾಪ್ಟನ್ ಬಂದರು, ಹೆಗ್ಡೆಯವರು ಹೆಂಚಿನ ಗೋಣಿಯ ಸಮೇತ ಬಂದರು. ವಿನಿಫ್ರೆಡ್ ಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಂದು ಬದಿಗೆ ನಿಂತರು. ರುಡೊಲ್ಫ್ ಬ್ಯಾಂಡನ್ನೂ ಕರೆತಂದಿದ್ದ. ಎಲ್ಲರ ಹಿಂದೆ ಆಂಬ್ರೋಸರು, ಗಲ್ಲಿಗೆ ಹೋಗುವವರಂತೆ.

"ಚೆನ್ನಪ್ಪನವರೇ, ಕ್ಷಮಿಸಿಬಿಡಿ," ಎಂದರು ಫಾದರ್. "ಇವರು ದೊಡ್ಡ ಕೆಲಸಕ್ಕೆ ಹೋಗ್ತಾ ಇದ್ದಾರೆ."

"ಎಂತ ದೊಡ್ಡ ಕೆಲಸ? ಹಾವು ತಿನ್ನೂದಾ?"

"ದೇಶಕ್ಕಾಗಿ," ಎಂದರು ಕ್ಯಾಪ್ಟನ್.

"ದೇಶಕ್ಕೆ ಹಾವು ತಿನ್ನುವವರು ಬೇಕಾದರೆ ಬೇರೆ ಯಾರಾದರೂ ಸಿಕ್ಕಿಯಾರು. ನನಗೆ ಇರೂದು ಇವರೊಬ್ಬರು."

ಹೆಗ್ಡೆಯವರು, ಒಡೆದ ಹೆಂಚಿಗೆಲ್ಲ ಹೊಸ ಹೆಂಚು ಕೊಡುವುದಾಗಿ ಹೇಳಿದರು. ಹೆಂಚು ತನ್ನದಲ್ಲವೆಂದು ಚೆನ್ನಪ್ಪ ನೆನಪಿಸಿದ. ಆಗ ರುಡೊಲ್ಫ್ ಮುಂದೆ ಬಂದ.

"ಭಾವನ ಪರವಾಗಿ ನಾನು ಹೇಳ್ತೇನೆ. ಇವತ್ತಿನಿಂದ ಬಿದ್ದ ಜೀಗುಜ್ಜೆಯೆಲ್ಲ ನಿಮ್ಮದು. ಒಂದು ಕಾಯಿಯೂ ನಮಗೆ ಬೇಡ. ಸಾಕಲ್ಲ?"

ಚೆನ್ನಪ್ಪ ತಿರುಗಿ ಮರವನ್ನು ನೋಡಿದ. ಅದರ ಕೊಂಬೆಯನ್ನು ನೋಡಿದ, ಕೊಂಬೆಯ ತುದಿಯಲ್ಲಿ ತೂಗುವ ದುಂಡು ಕಾಯಿಗಳನ್ನು ನೋಡಿದ. ಅವನು ಹಾಗೆ ನೋಡಿದಷ್ಟೂ ಹೊತ್ತು ಆಂಬ್ರೋಸರು ಸಾಯುತ್ತಿದ್ದರು. ಇಷ್ಟು ವರ್ಷ ಹೋರಾಡಿದ ಮನುಷ್ಯನಿಗೆ ಗೆಲುವನ್ನು ತಟ್ಟೆಯಲ್ಲಿಟ್ಟು ಕೊಟ್ಟರೆ ಯಾರು ಬೇಡವೆಂದಾರು?

"ಇವರ ಬಾಯಿಂದ ಬರಲಿ," ಎಂದ ಚೆನ್ನಪ್ಪ ಕೊನೆಗೆ.

ಎಲ್ಲರೂ ಆಂಬ್ರೋಸರನ್ನು ಮುಂದೆ ತಳ್ಳಿದರು. ಮೆಟ್ಟಿಲ ಮೇಲೆ ಆಡಬಾರದ ಮಾತು ಆಡಿದ ಅದೇ ನಾಲಗೆ, ಈ ಅಂಗಳದಲ್ಲಿ ಆಡಬೇಕಾದ್ದನ್ನೇ ಆಡಿತು.

"ನನ್ನ ಮಾಡಿನ ಮೇಲೆ ಬಿದ್ದದ್ದು ನನ್ನದು," ಎಂದರು ಆಂಬ್ರೋಸರು. "ಹುಲಿಯ ಬಾಯಲ್ಲಿದ್ದರೂ ಒಂದು ಕಾಯಿ ಬಿಡೂದಿಲ್ಲ."

ಚೆನ್ನಪ್ಪನ ಮುಖ ಅರಳಿತು. "ನೋಡಿದ್ರಾ ಫಾದರ್? ಇಂಥವರನ್ನು ಕ್ಷಮಿಸೂದು ಹೇಗೆ?" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಜನ ನಿರಾಶೆಯಿಂದ ಒಬ್ಬರ ಮುಖ ಒಬ್ಬರು ನೋಡಿದರು. ಬೆಳಿಗ್ಗೆ ಬಸ್ಸು ಹೊರಡುತ್ತದೆ, ಈ ಇಗರ್ಜಿಯಿಂದ ಒಬ್ಬನೂ ಇಲ್ಲವೆಂದರೆ ನಾಚಿಕೆಯಲ್ಲವೇ ಎಂದು ಕ್ಯಾಪ್ಟನ್ ಕೇಳಿದರು. ಫಾದರ್ ಅಂಗಳದಲ್ಲಿ ಕಣ್ಣಾಡಿಸಿದರು. ಆ ಕಣ್ಣು ರುಡೊಲ್ಫನ ಮೇಲೆ ನಿಂತಿತು.

"ರುಡೊಲ್ಫ್, ನಿನಗೆ ಶತ್ರು ಯಾರಾದರೂ ಉಂಟಾ?"

"ನನಗಾ ಫಾದರ್?" ರುಡೊಲ್ಫ್ ಎದೆಯುಬ್ಬಿಸಿ ನಕ್ಕ. "ಇಡೀ ಮಂಗಳೂರಿನಲ್ಲಿ ನನಗೆ ಒಬ್ಬ ಶತ್ರು ಇಲ್ಲ."

ಹೇಳಿದ ಮೇಲೆ ಅವನಿಗೆ ಅರ್ಥವಾಯಿತು. ಅಷ್ಟರಲ್ಲಿ ಕ್ಯಾಪ್ಟನ್ ಅವನ ಕೈ ಹಿಡಿದಾಗಿತ್ತು, ಹೆಗ್ಡೆಯವರು ಗೋಣಿಯನ್ನು ಅವನ ಕಾಲ ಬಳಿ ಇಳಿಸಿಯಾಗಿತ್ತು, ಮೊರಿಸ್ ತುತ್ತೂರಿ ಎತ್ತಿಯಾಗಿತ್ತು.

ಮನೆಗೆ ಬಂದ ಮೇಲೆ ಆಂಬ್ರೋಸರು ಹೆಂಡತಿಯನ್ನು ಕೇಳಿದರು. "ನೀನು ಯಾಕೆ ಬೇಡ ಅನ್ನಲಿಲ್ಲ?"

"ಹೋಗ್ತೇನೆ ಅಂತ ಹೇಳಿದ್ದು ನೀವು," ಎಂದರು ವಿನಿಫ್ರೆಡ್ ಬಾಯಿ. "ಹೊರಟವರಿಗೆ ಬೇಡ ಅಂದರೆ ಅಪಶಕುನ. ಹಾಗೆಲ್ಲ ಹೇಳಲಿಕ್ಕೆ ನಾನು ನಿಮ್ಮ ಶತ್ರುವಾ?" ಸ್ವೆಟರಿನ ಎರಡೂ ತೋಳು ಬೇರೆ ಬೇರೆ ಉದ್ದವಾಗಿದ್ದವು. ಅತ್ತು ಅತ್ತು ಕಣ್ಣು ಕಾಣದೆ ಹೆಣೆದದ್ದು.

ಆಂಬ್ರೋಸರು ಸ್ವೆಟರನ್ನು ತೊಟ್ಟುಕೊಂಡರು. ತೊಟ್ಟುಕೊಂಡೇ ಹೆಂಡತಿಯ ಪಕ್ಕದಲ್ಲಿ ಕುಳಿತರು.

ಅಷ್ಟರಲ್ಲಿ ಆಚೆ ಮನೆಯಲ್ಲಿ ಸದ್ದಾಯಿತು. ಒಬ್ಬ ಶತ್ರುವನ್ನಾದರೂ ಸಂಪಾದಿಸಲೆಂದು ರುಡೊಲ್ಫ್ ಚೆನ್ನಪ್ಪನ ಕಣ್ಣೆದುರೇ ಮರ ಅಲ್ಲಾಡಿಸಿ ಜೀಗುಜ್ಜೆ ಉದುರಿಸುತ್ತಿದ್ದ. "ಇನ್ನೂ ಎರಡು ತೆಗೊಳ್ಳಿ ಮಾರಾಯ್ರೆ," ಎಂದ ಚೆನ್ನಪ್ಪ ಪ್ರೀತಿಯಿಂದ. "ಕಾಡಿಗೆ ಹೋಗುವವರು."

ರುಡೊಲ್ಫ್ ಕಾಯಿಗಳನ್ನು ಅಲ್ಲೇ ಬಿಟ್ಟು ಗೋಡೆ ಹಾರಿ ಭಾವನ ಜಗಲಿಗೆ ಬಂದ. ಬಂದವನೇ ಭಾವನಿಗೆ ಬೈಯಲು ಶುರು ಮಾಡಿದ. ಹೇಡಿ ಎಂದ, ಕಳ್ಳ ಎಂದ, ತನ್ನ ಅಕ್ಕನ ಬಾಳು ಹಾಳು ಮಾಡಿದವನು ಎಂದ. ತಾವ್ರೊ ಮನೆತನದ ಹಿಂದಿನ ತಲೆಮಾರುಗಳನ್ನೆಲ್ಲ ಒಂದೊಂದಾಗಿ ಎತ್ತಿ ಬೈದ. ಬೈಯುತ್ತ ಬೈಯುತ್ತ ಅಳುತ್ತಿದ್ದ.

ಆಂಬ್ರೋಸರು ಅವನು ಮುಗಿಸುವವರೆಗೂ ಕಾಯಲಿಲ್ಲ. ಎದ್ದು ಬಂದು, ಎರಡೂ ಕೈಗಳನ್ನು ಅವನ ತಲೆಯ ಮೇಲೆ ಮೆತ್ತಗೆ ಇಟ್ಟರು.

"ಮಾಫಿ ಮಾಡಿದ್ದೇನೆ ರುಡೊಲ್ಫ್," ಎಂದರು. "ಸುಖವಾಗಿ ಹೋಗಿ ಬಾ."